ಬೂಷ್ಟಿನ ಅಕ್ಕೋರು

ಕಾರವಾರದ ರವಿವಾರದ ಸಂತೆಗೆ ಊರಿನವರೆಲ್ಲ ಒಳ್ಳೆಯ ಹಣ್ಣು ಹುಡುಕಿಕೊಂಡು ಬಂದರೆ ಅವರೊಬ್ಬರು ಕೊಳೆತ ಹಣ್ಣು ಹುಡುಕಿಕೊಂಡು ಬರುತ್ತಿದ್ದರು. ನನಗಿದು ಗೊತ್ತಿರಲಿಲ್ಲ. ಆಗಷ್ಟೇ ಕಾಲೇಜಿಗೆ ಸೇರಿದ್ದೆ. ನಾನು ಕನ್ನಡದ ಮೇಷ್ಟ್ರು, ಅವರು ಸಸ್ಯಶಾಸ್ತ್ರದವರು. “ಸಂತೆಗೆ ಬರ್ತೀರಾ, ಚೀಲ ಹಿಡಿಯೂಕೆ ಒಂದು ಜನ ಬೇಕಿತ್ತು” ಎಂದರು. ಹಿರಿಯರು ಕರೆದರೆಂದು ಹೋದೆ.

ಅಂಕೋಲೆ ಕಡೆಯ ಹೆಂಗಸೊಬ್ಬಳು ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಇವರು ಅವಳೆದುರು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಹಣ್ಣು ಎತ್ತಿ ಕಣ್ಣಿನ ಹತ್ತಿರ ಹಿಡಿದು, ನಿರಾಸೆಯಿಂದ ಕೆಳಗಿಟ್ಟು ಕೇಳಿದರು:

“ಕೊಳೆತದ್ದು ಇಲ್ವಾ?”

“ನಮ್ಮಲ್ಲಿ ಕೊಳೆತದ್ದು ಇಲ್ಲ ಅಕ್ಕೋರೆ. ನಿನ್ನೆ ಕೊಯ್ದದ್ದು, ಬೇಕಾದ್ರೆ ಮೂಸಿ ನೋಡಿ.”

“ಅಡಿಯಲ್ಲಿ ಒಂದಾದ್ರೂ ಇರ್ತದೆ. ತೆಗೆದು ನೋಡು.”

“ಇಲ್ಲ ಅಂದ್ನಲ್ಲ!”

ಇವರು ಬಿಡಲಿಲ್ಲ. ತಾವೇ ಬುಟ್ಟಿಯ ತಳಕ್ಕೆ ಕೈ ಹಾಕಿ, ತೊಟ್ಟಿನ ಸುತ್ತ ಕಪ್ಪಾದ ಹಣ್ಣೊಂದನ್ನು ಹೊರಗೆಳೆದು, ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗೆ ಮುಖ ಅರಳಿಸಿ, “ಆಹಾ, ಎಷ್ಟು ಚಂದ ಬಂದದೆ!” ಎಂದರು. ಹೆಂಗಸು ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು ಸಾಲಿನಲ್ಲಿದ್ದವರನ್ನೆಲ್ಲ ಕರೆದಳು. “ನೋಡ್ರೇ ಇಲ್ಲಿ, ನನ್ನ ಹಣ್ಣಿಗೆ ಹೆಸರಿಡೂಕೆ ಬಂದಾರೆ!” ನಾನು ಚೀಲ ಹಿಡಿದುಕೊಂಡು ಮೀನು ಮಾರುಕಟ್ಟೆಯ ಕಡೆಗೆ ಜಾರಿಕೊಂಡೆ. ತಿರುಗಿ ನೋಡಿದರೆ ಇವರು ಅದೇ ಹೆಂಗಸಿನ ಪಕ್ಕ ಕೂತು, ಕೊಳೆತ ಹಣ್ಣನ್ನು ಎರಡು ಹೋಳು ಮಾಡಿ, ಬೂಷ್ಟು ಎಲ್ಲಿಂದ ಒಳಗೆ ಹೊಕ್ಕಿತು ಎಂದು ವಿವರಿಸುತ್ತಿದ್ದರು. ಆಮೇಲಾಮೇಲೆ ಸಂತೆಯ ಹೆಂಗಸರೆಲ್ಲ ಕೊಳೆತದ್ದನ್ನು ಇವರಿಗೆಂದೇ ಬೇರೆ ತೆಗೆದಿಡತೊಡಗಿದರು. ಹೆಸರನ್ನೂ ಅವರೇ ಇಟ್ಟರು: ಬೂಷ್ಟಿನ ಅಕ್ಕೋರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ಅವರು ಮೃದು ಮಾತಿನವರು, ಯಾರ ಮನಸ್ಸನ್ನೂ ನೋಯಿಸದವರು ಎಂದು ಹೇಳಿದರು. ಕೇಳುತ್ತ ಕೂತ ನನಗೆ ಸಭೆ ತಪ್ಪಿ ಬಂದೆನೇನೋ ಅನ್ನಿಸಿತು. ನಾನು ಕಂಡವರು ದೊಡ್ಡ ಗಂಟಲಿನವರು. ಜಗಳಕ್ಕೆ ಸದಾ ತಯಾರು. ಚಹಾದಲ್ಲಿ ಸಕ್ಕರೆ ಕಮ್ಮಿಯಾದರೆ ಕ್ಯಾಂಟೀನಿನ ಒಳಗೇ ಹೋಗಿ ಹಾಕಿಕೊಂಡು ಬರುವವರು. ಅವರ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆಯದೇ ಹೋದರೆ ಅವರೇ ಬಂದು ಕೇಳಿಯಾರೆಂಬ ಹೆದರಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ಪ್ರಯೋಗಾಲಯ ನಮ್ಮ ಸ್ಟಾಫ್ ರೂಮಿಗೆ ತಾಗಿಕೊಂಡಿತ್ತು. ಅಲ್ಲಿನ ಕಪಾಟಿನಲ್ಲಿ ಪಪ್ಪಾಯಿ, ಬಾಳೆಹಣ್ಣು, ಮಾವು ಸಾಲಾಗಿ ಕೂತು ಕೊಳೆಯುತ್ತಿದ್ದವು. ಒಂದಕ್ಕೆ ಬೆಳ್ಳುಳ್ಳಿ ರಸ ಹಚ್ಚಿದೆ, ಇನ್ನೊಂದಕ್ಕೆ ತುಳಸಿ, ಮತ್ತೊಂದಕ್ಕೆ ಲವಂಗದ ಕಷಾಯ, ಪಕ್ಕದ್ದಕ್ಕೆ ಬರೀ ನೀರು. ಯಾವುದು ಬೇಗ ಕೊಳೆಯುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ಅವರು ದಿನಾ ನೋಡುವುದು. ಕೊಯ್ದ ಮೇಲೆ ಹಣ್ಣಿಗೆ ಹತ್ತುವ ಬೂಷ್ಟನ್ನು ಪೇಟೆಯ ಔಷಧಿಯಿಲ್ಲದೆ ಗಿಡಗಳ ರಸದಿಂದಲೇ ತಡೆಯಬೇಕು ಎಂಬುದು ಅವರ ಹಟ. ಹೊಸದಾಗಿ ಬಂದ ಸಿಪಾಯಿಯೊಬ್ಬ ಒಂದು ದಿನ ಕಪಾಟು ತೆರೆದು, ಮೂಗು ಮುಚ್ಚಿಕೊಂಡು, ಎಲ್ಲವನ್ನೂ ಬಳಿದು ಹಿತ್ತಲಿಗೆ ಎಸೆದು, ಫಿನಾಯಿಲ್ ಹಾಕಿ ಒರೆಸಿ, ಶಭಾಸ್‌ಗಿರಿ ಸಿಗುತ್ತದೆಂದು ಬಾಗಿಲಲ್ಲಿ ನಿಂತಿದ್ದ. ಅವತ್ತು ಅವರ ಗಂಟಲು ಬಂದರಿನವರೆಗೆ ಕೇಳಿಸಿರಬೇಕು. ಸಿಟ್ಟು ಇಳಿದ ಮೇಲೆ ಅವನನ್ನೇ ಕರೆದುಕೊಂಡು ಹಿತ್ತಲಿಗೆ ಹೋಗಿ, ಎಸೆದ ಹಣ್ಣುಗಳಲ್ಲಿ ಕಾಗೆ ಮುಟ್ಟದ್ದನ್ನೆಲ್ಲ ಹೆಕ್ಕಿ ತಂದರು.

ನನ್ನ ಕನ್ನಡದ ಮೇಲೂ ಅವರಿಗೆ ವಿಶ್ವಾಸವಿರಲಿಲ್ಲ. ರೈತರ ಎದುರು ಭಾಷಣ ಮಾಡಬೇಕಿದೆ, ಫಂಗಸ್ಸಿಗೆ ಕನ್ನಡ ಹೇಳಿ ಎಂದು ಕೇಳಿದರು. ನಾನು ಗಂಭೀರವಾಗಿ “ಶಿಲೀಂಧ್ರ” ಎಂದೆ.

“ಏನಂದ್ರಿ?”

“ಶಿಲೀಂಧ್ರ.”

“ಮಾರಾಯ್ರೆ, ಅದನ್ನು ಕೇಳಿದ್ರೆ ಬೂಷ್ಟೇ ಹೆದರಿ ಓಡಿಹೋಗ್ತದೆ. ಮತ್ತೆ ನನ್ನ ಕಷಾಯ ಎದಕ್ಕೆ?”

ಇಷ್ಟೆಲ್ಲ ಗದ್ದಲದ ಹಿಂದೆ ಇದ್ದದ್ದು ಅಂಕೋಲೆ ಕಡೆಯ ಶೆಟಗೇರಿಯಲ್ಲಿ ಅವರು ಹುಟ್ಟಿದ ಮನೆಯ ಮಾವಿನ ಮರಗಳು. ಅವರು ಮದುವೆಯಾಗಿರಲಿಲ್ಲ. ಕಾರವಾರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ರಜೆ ಬಂತೆಂದರೆ ಶೆಟಗೇರಿ. ಅಲ್ಲಿ ಅಣ್ಣ, ಅತ್ತಿಗೆ, ಮನೆಯ ಹಿಂದೆ ಕರಿ ಇಶಾಡದ ಹಳೆಯ ಮರಗಳು. ಅಂಕೋಲೆಯವರ ಎದುರು ಇಶಾಡಕ್ಕಿಂತ ದೊಡ್ಡ ಹಣ್ಣು ಬೇರೊಂದಿದೆ ಎಂದು ಹೇಳಿ ಯಾರೂ ಊಟ ಮಾಡಿಕೊಂಡು ಬಂದದ್ದಿಲ್ಲ. ತೆಳು ಸಿಪ್ಪೆ, ನಾರಿಲ್ಲದ ತಿರುಳು, ಕತ್ತರಿಸಿದರೆ ಪಕ್ಕದ ಮನೆಗೂ ಗೊತ್ತಾಗುವ ಪರಿಮಳ. ಆದರೆ ಆ ತೆಳು ಸಿಪ್ಪೆಯೇ ಅದರ ಶತ್ರು. ಹಣ್ಣಾಗತೊಡಗಿದರೆ ಕಪ್ಪು ಚಿಬ್ಬು ಬೀಳುತ್ತದೆ. ತೊಟ್ಟಿನಿಂದ ಕೊಳೆ ಇಳಿಯುತ್ತದೆ. ಘಟ್ಟ ಹತ್ತಿ ದೂರದ ಪೇಟೆ ಮುಟ್ಟಿ ಮಾರಾಟವಾಗುವ ಹೊತ್ತಿಗೆ ಬುಟ್ಟಿಯ ಅರ್ಧ ತಿಪ್ಪೆಗೆ. ಅಣ್ಣನಿಗೆ ಇದು ಸಾಕಾಗಿಹೋಗಿತ್ತು. ಮರಗಳನ್ನು ಕಡಿಸಿ ಆಪೂಸು ಹಾಕುತ್ತೇನೆಂದು ಹೊರಟಿದ್ದ.

ಈ ಮಾತು ಬಂದ ದಿನ ನಾನು ಅಲ್ಲೇ ಇದ್ದೆ. ಇಶಾಡದ ರಸಾಯನ ತಿನ್ನಲು ಬನ್ನಿ ಎಂದು ಅವರು ನನ್ನನ್ನು ಶೆಟಗೇರಿಗೆ ಕರೆದುಕೊಂಡು ಹೋಗಿದ್ದರು. ಅಣ್ಣ ತಂಗಿ ಇಬ್ಬರಿಗೂ ಸಿಟ್ಟು ಬಂದರೆ ನೇರ ಮಾತಿಲ್ಲ. ಎಲ್ಲ ಅತ್ತಿಗೆಯ ಮೂಲಕ. ಮೂವರೂ ಕೂತದ್ದು ಒಂದೇ ಜಗಲಿಯಲ್ಲಿ.

“ಅವಳಿಗೆ ಹೇಳು, ಮಳೆ ಮುಗೀತಿದ್ದ ಹಾಗೆ ಮರ ಕಡಿಸ್ತೆ.”

“ಅತ್ತಿಗೆ, ಅಣ್ಣನ್ನ ಕೇಳಿ, ಮರ ಏನು ತಪ್ಪು ಮಾಡ್ಯದೆ?”

“ಹಣ್ಣು ಉಳೀತಿಲ್ಲ ಅಂತ ಹೇಳು.”

“ಹಣ್ಣು ಉಳಿಸಿ ಕೊಟ್ರೆ ಮರ ಉಳಿಸ್ತಾನಾ ಅಂತ ಕೇಳಿ.”

ಅತ್ತಿಗೆ ಕಡುಬಿನ ಹಿಟ್ಟು ಕಲಸುತ್ತಿದ್ದರು. ತಲೆಯೆತ್ತದೆ, “ಇಬ್ರಿಗೂ ಕೇಳ್ಸಿದೆ. ಬರುವ ವರ್ಷ ಉಳಿಸಿ ತೋರ್ಸಲಿ, ಆಮೇಲೆ ಕಡಿಯುವ ಮಾತು. ಈಗ ಊಟಕ್ಕೆ ಏಳಿ” ಎಂದು ತೀರ್ಪು ಕೊಟ್ಟರು. ಅಲ್ಲಿಗೆ ನಮ್ಮ ಬೂಷ್ಟಿನ ಅಕ್ಕೋರ ಪರೀಕ್ಷೆ ಶುರುವಾಯಿತು.

ಮೊದಲ ವರ್ಷ ಅವರು ಬೆಳ್ಳುಳ್ಳಿಯನ್ನು ನಂಬಿದರು. ಕಪಾಟಿನಲ್ಲಿ ಬೂಷ್ಟನ್ನು ಬರೋಬರ್ ತಡೆದದ್ದು ಅದೇ. ಬೆಳ್ಳುಳ್ಳಿ ಅರೆದ ನೀರಿನಲ್ಲಿ ಕಾಯಿ ಅದ್ದಿ, ಒಣಗಿಸಿ, ಹುಲ್ಲು ಹಾಸಿದ ಬುಟ್ಟಿ ಕಟ್ಟಿ ಬೆಳಗಾವಿಗೆ ಕಳಿಸಿದರು. ಅಲ್ಲಿ ಅಣ್ಣನ ಮಗಳನ್ನು ಕೊಟ್ಟ ಮನೆಯಿತ್ತು. ಅಂಗಡಿ ಇದ್ದ ಜನ, ಹಣ್ಣು ಎಷ್ಟು ದಿನ ಉಳಿಯುತ್ತದೆಂದು ನೋಡಿ ಹೇಳುವುದಾಗಿ ಒಪ್ಪಿಕೊಂಡಿದ್ದರು. ಪಾಪ, ಅವರಿಗೇನು ಗೊತ್ತು. ಇವರು ದಿನಾ ಬೀಗಿತ್ತಿಗೆ ಫೋನ್ ಮಾಡುವುದು.

“ಹೇಗಿದಾರೆ?”

“ಆರಾಮಿದಾಳ್ರಿ ನಿಮ್ಮ ಹುಡುಗಿ.”

“ಹುಡುಗಿ ಅಲ್ಲ, ಮಾವಿನಕಾಯಿ!”

ಹಣ್ಣು ಉಳಿಯಿತು. ಚಿಬ್ಬು ಕೂಡ ಹೆಚ್ಚು ಬರಲಿಲ್ಲ. ಆದರೆ ಮುಚ್ಚಿದ ಬುಟ್ಟಿಯಲ್ಲಿ ಬೆಳ್ಳುಳ್ಳಿಯ ವಾಸನೆ ಸಿಪ್ಪೆ ದಾಟಿ ಒಳಗೆ ಹೊಕ್ಕಿತ್ತು. ಬೀಗಿತ್ತಿ ಬಹಳ ಮರ್ಯಾದಸ್ಥೆ. ಕೆಟ್ಟದಾಗಿದೆ ಎನ್ನಲಿಲ್ಲ. “ಭಾಳ ಚಲೋ ಅದಾವ್ರಿ. ಇವನ್ನ ಒಗ್ಗರಣಿ ಹಾಕಿ ತಿನ್ನೋದೋ, ಹಂಗ ತಿನ್ನೋದೋ?” ಎಂದು ಕೇಳಿದರಂತೆ. ಅಣ್ಣ ಇದನ್ನು ಶೆಟಗೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕ. ಅವನು ನಗುತ್ತಿದ್ದಾಗಲೇ ಮಳೆ ಹಿಡಿಯಿತು. ಮರ ಕಡಿಯುವವರು ಮಳೆಗಾಲ ಕಳೆಯಲಿ ಎಂದರು. ಮಳೆಗಾಲ ಕಳೆದ ಮೇಲೆ ಅತ್ತಿಗೆ, ಹಣ್ಣು ಉಳಿದದ್ದಂತೂ ಹೌದಲ್ಲ, ಇನ್ನೊಂದು ವರ್ಷ ನೋಡ್ವ ಎಂದರು. ಅಣ್ಣ ಗೊಣಗುತ್ತ ಸುಮ್ಮನಾದ.

ಎರಡನೆಯ ವರ್ಷಕ್ಕೆ ಅವರ ಕಣ್ಣು ದಾಲ್ಚಿನ್ನಿಯ ಮೇಲೆ ಬಿತ್ತು. ಚಕ್ಕೆಯಲ್ಲ, ಎಲೆ. ಅದರ ವಾಸನೆ ಮಾವಿಗೆ ಹತ್ತಿದರೂ ಜಗಳವಿಲ್ಲ ಎಂಬ ಲೆಕ್ಕ. ಬೇಕಾದಷ್ಟು ಎಲೆ ಸಿಗುವುದು ಹಿಲ್ಲೂರು ಕಡೆಯ ಕಾಡಂಚಿನಲ್ಲಿ. ಮತ್ತೆ ನಾನೇ ಚೀಲ ಹಿಡಿಯುವವನು. ಬಸ್ಸಿಳಿದು, ಪರಿಚಯದವರ ಹಿತ್ತಲಲ್ಲಿ ಕೂತು ಇವರು ಎಲೆಗಳನ್ನು ಒಂದೊಂದಾಗಿ ಮುರಿದು ಮೂಸಿ ಬೇರೆ ಮಾಡುತ್ತಿದ್ದರೆ ಊರಲ್ಲಿ ಸುದ್ದಿ ಹಬ್ಬಿತು: ಕಾರವಾರದಿಂದ ಸೊಪ್ಪಿನ ಔಷಧಿ ಕೊಡುವ ಅಕ್ಕೋರು ಬಂದಾರೆ. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ಸಾಲು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬಾಕೆಗೆ ಗಂಡನ ಕುಡಿತ ಬಿಡಿಸಬೇಕು.

“ನಾನು ಮಾವಿನಹಣ್ಣಿನ ಡಾಕ್ಟರು” ಎಂದು ಇವರು ಕೈ ಮುಗಿದರು. ಯಾರೂ ಕದಲಲಿಲ್ಲ. ಮಂಡಿನೋವಿನ ಅಜ್ಜ, “ಹಣ್ಣಿಗೆ ಆಗುವ ಔಷಧ ಮನುಷ್ಯಂಗೆ ಆಗೂದಿಲ್ವಾ ಅಕ್ಕೋರೆ?” ಎಂದ.

“ಆಗ್ತದೆ. ಆದ್ರೆ ನಿಮ್ಮನ್ನ ಬಿಸಿನೀರಲ್ಲಿ ಅದ್ದಿ, ಹುಲ್ಲಲ್ಲಿ ಸುತ್ತಿ ಬೆಳಗಾವಿಗೆ ಕಳಿಸ್ಬೇಕಾಗ್ತದೆ, ಅಡ್ಡಿಲ್ವಾ?”

ಅಜ್ಜ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಆಮೇಲೆ ಆ ಸಾಲಿನಲ್ಲಿ ನಿಂತವರೇ ನಮಗೆ ಎಲೆ ಕೊಯ್ದು ಕೊಟ್ಟರು. ಆದರೂ ಇವರು ಆ ಅಜ್ಜನನ್ನು ಬಿಡಲಿಲ್ಲ. ಅಂಕೋಲೆಯ ಡಾಕ್ಟರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ, ಅವನನ್ನು ನೋಡುವ ವ್ಯವಸ್ಥೆ ಮಾಡಿಸಿಯೇ ಬಸ್ಸು ಹತ್ತಿದರು.

ಆ ವರ್ಷ ಎಲೆಯ ಕಷಾಯವನ್ನು ಕೈಗೆ ಬಿಸಿ ತಾಗುವಷ್ಟು ಇಟ್ಟು, ಅದರಲ್ಲಿ ಕಾಯಿಗಳನ್ನು ಸ್ವಲ್ಪ ಹೊತ್ತು ಮುಳುಗಿಸಿ ತೆಗೆದರು. ಅದ್ದಿದ ಕಾಯಿಯ ತೊಟ್ಟಿಗೆ ಕೆಂಪು ದಾರ. ಬರೀ ತಣ್ಣೀರಲ್ಲಿ ತೊಳೆದದ್ದಕ್ಕೆ ಬಿಳಿ ದಾರ. ಎರಡೂ ಬುಟ್ಟಿ ಬೆಳಗಾವಿಗೆ ಹೋದವು. ಈ ಸಲ ಹಣ್ಣು ಉಳಿದದ್ದಷ್ಟೇ ಅಲ್ಲ, ಇನ್ನೂ ಇದ್ದರೆ ಕಳಿಸಿ ಎಂದು ಅಂಗಡಿಯವರೇ ಕೇಳಿದರು. ಅಣ್ಣ ಒಂದೇ ದಿನದಲ್ಲಿ ಬದಲಾದ. ಮಾವಿನ ಮರವಿದ್ದ ಅಕ್ಕಪಕ್ಕದವರನ್ನೆಲ್ಲ ಅಂಗಳಕ್ಕೆ ಕರೆದು, ಚಾಪೆ ಹಾಸಿ, ಅವಲಕ್ಕಿ ಚಹಾ ಮಾಡಿಸಿ, ನಿಂತು ಭಾಷಣವನ್ನೇ ಮಾಡಿದ. “ನಮ್ಮ ತಂಗಿ ಕಂಡುಹಿಡಿದ ಔಷಧ. ಇನ್ನು ಇಶಾಡ ಕೊಳೀತದೆ ಅನ್ನುವ ಮಾತೇ ಇಲ್ಲ!”

ಇವರು ಎದ್ದು ನಿಂತರು. ಆ ದೊಡ್ಡ ಗಂಟಲು ಅವತ್ತು ಸಣ್ಣದಾಗಿತ್ತು.

“ಅಣ್ಣ, ಬಿಳಿ ದಾರದ್ದೂ ಕೊಳೀಲಿಲ್ಲ.”

“ಅಂದ್ರೆ?”

“ಎರಡೂ ಬುಟ್ಟಿ ಚಲೋ ಉಳೀತು. ಬೀಗಿತ್ತಿಯವ್ರೇ ನೋಡಿ ಹೇಳ್ದ್ರು. ಈ ವರ್ಷ ಕೊಯ್ಲಿಗೆ ಮೊದ್ಲು ಮಳೆ ಬಿದ್ದಿಲ್ಲ. ಮಳೆ ಇಲ್ಲ, ಬೂಷ್ಟೂ ಇಲ್ಲ. ಅದು ನನ್ನ ಕಷಾಯದ್ದು ಅಂತ ನಾ ಹೇಳೂಕೆ ಆಗೂದಿಲ್ಲ.”

ಚಾಪೆಯ ತುದಿಯಲ್ಲಿದ್ದವರೊಬ್ಬರು, “ಹಾಗಾದ್ರೆ ನಮ್ಮನ್ನ ಎದಕ್ಕೆ ಕರೆದದ್ದು?” ಎಂದರು.

“ಅವಲಕ್ಕಿ ತಿನ್ನೂಕೆ” ಎಂದರು ಇವರು. ನಗಲು ನೋಡಿದರು, ಆಗಲಿಲ್ಲ. ಅಣ್ಣ ಹೆಗಲ ಮೇಲಿನ ಪಂಜಿ ಬಟ್ಟೆಯನ್ನು ಕೊಡವಿ ಒಳಗೆ ನಡೆದ. ಬಾಗಿಲು ಹಾಕಿಕೊಂಡ ಸದ್ದು ಎಲ್ಲರಿಗೂ ಕೇಳಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಮಾತಾಡಲಿಲ್ಲ. ಅವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಮದಳ್ಳಿ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು, “ನಂಗೆ ಆ ಮರಗಳು ಬೇಕು ಮಾರಾಯ್ರೆ.”

“ಮತ್ತೆ ಸುಮ್ಮನಿರಬಹುದಿತ್ತಲ್ಲ?” ಎಂದೆ. “ಅವರು ನಂಬಿದ್ದರು.”

“ನಂಬಿ ಎಲ್ಲರೂ ಹಣ್ಣು ಅದ್ದಿ ದೂರ ಕಳಿಸ್ತಿದ್ರು. ಬರುವ ವರ್ಷ ಮಳೆ ಬಂದು ಅಷ್ಟೂ ಕೊಳೆತ್ರೆ? ಅಷ್ಟು ಮನೆಯವ್ರ ಎದುರು ನಾ ಎಂತ ಹೇಳ್ಲಿ?” ಸೆರಗಿನಿಂದ ಮೂಗು ಒರೆಸಿಕೊಂಡರು. “ಅದೂ ಅಲ್ದೆ, ಆ ಕಷಾಯ ಕೆಲಸ ಮಾಡ್ತದಾ ಇಲ್ವಾ ಅಂತ ನಂಗೇ ಗೊತ್ತಾಗ್ಬೇಕಲ್ಲ!”

ಮರ ಹೋಯಿತೆಂದೇ ಇಬ್ಬರೂ ಅಂದುಕೊಂಡಿದ್ದೆವು. ದೀಪಾವಳಿಯ ಹೊತ್ತಿಗೆ ಅತ್ತಿಗೆಯ ಫೋನ್ ಬಂತು. ಮರದ ವ್ಯಾಪಾರಿ ಅಳತೆ ಹಗ್ಗ ಹಿಡಿದುಕೊಂಡು ಬಂದಿದ್ದನಂತೆ. ಅಣ್ಣ ಅವನನ್ನು ಗೇಟಿನಲ್ಲೇ ನಿಲ್ಲಿಸಿ, “ಪರೀಕ್ಷೆ ಇನ್ನೂ ಮುಗೀಲಿಲ್ಲ. ರಿಸಲ್ಟು ಬಂದ್ಮೇಲೆ ಬಾ” ಎಂದು ಕಳಿಸಿದನಂತೆ. ಫೋನ್ ಇಟ್ಟ ಇವರು ಸ್ಟಾಫ್ ರೂಮಿನಲ್ಲಿದ್ದ ಎಲ್ಲರಿಗೂ ತಮ್ಮ ಖರ್ಚಿನಲ್ಲಿ ಚಹಾ ತರಿಸಿದರು. ಕಾರಣ ಹೇಳಲಿಲ್ಲ.

ಮರುವರ್ಷ ಮೇ ತಿಂಗಳು ಶುರುವಾಗುವಾಗಲೇ ಮಳೆ ಬಂತು. ಊರವರು ಆಕಾಶಕ್ಕೆ ಶಾಪ ಹಾಕುತ್ತಿದ್ದರೆ ಇವರು ಕಿಟಕಿಯಲ್ಲಿ ನಿಂತು ಕೈ ತಿಕ್ಕಿಕೊಳ್ಳುತ್ತಿದ್ದರು. ಕೆಂಪು ದಾರ, ಬಿಳಿ ದಾರ ಮತ್ತೆ ಬೆಳಗಾವಿಗೆ ಹೋದವು. ನಾವೆಲ್ಲ ಪರೀಕ್ಷೆಯ ಪೇಪರ್ ತಿದ್ದುತ್ತ ಕೂತಿದ್ದ ಒಂದು ಮಧ್ಯಾಹ್ನ ಬೀಗಿತ್ತಿಯ ಫೋನ್ ಬಂತು. ಇವರು ಎದ್ದು ನಿಂತು ಕೂಗಿದರು:

“ಹೋಯ್ತಾ? ಪೂರ್ತಿ ಹೋಯ್ತಾ? ಯಾವಾಗ? ಕಪ್ಪಾಗಿತ್ತಾ? ಅಯ್ಯೋ ದೇವರೇ, ವಾಸನೆ ಬಂದಿತ್ತಾ?”

ಪೇಪರ್ ತಿದ್ದುತ್ತಿದ್ದವರೆಲ್ಲ ಪೆನ್ನು ಕೆಳಗಿಟ್ಟರು. ಇತಿಹಾಸದ ಮೇಡಂ ಓಡಿ ಬಂದು ಅವರ ಕೈ ಹಿಡಿದುಕೊಂಡು, “ಸಮಾಧಾನ ಮಾಡ್ಕೊಳ್ಳಿ. ಹತ್ತಿರದವರಾ?” ಎಂದು ಕೇಳಿದರು. ಇವರು ಕಣ್ಣಲ್ಲಿ ನೀರು ತುಂಬಿಕೊಂಡು, ಮುಖದ ತುಂಬ ನಗುತ್ತ, “ಬಿಳಿ ದಾರ! ಬಿಳಿ ದಾರ ಪೂರ್ತಿ ಕೊಳೆತುಹೋಯ್ತು!” ಎಂದರು. ಇತಿಹಾಸದ ಮೇಡಂ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಕೆಂಪು ದಾರದ್ದು ಪೂರ್ತಿ ಉಳಿಯಲಿಲ್ಲ. ಕೆಲವು ತೊಟ್ಟಿನಲ್ಲಿ ಹೋಗಿದ್ದವು. ಹೆಚ್ಚಿನವು ಚೊಕ್ಕವಾಗಿದ್ದವು. ಇವರು ಶೆಟಗೇರಿಗೆ ಹೋಗಿ ಮತ್ತೆ ಅದೇ ಅಂಗಳದಲ್ಲಿ, ಅದೇ ಜನರೆದುರು, ಮೊದಲು ಕೊಳೆತದ್ದರ ಬಗ್ಗೆ, ಆಮೇಲೆ ಉಳಿದದ್ದರ ಬಗ್ಗೆ ಹೇಳಿದರು. “ಇದು ಮಂತ್ರ ಅಲ್ಲ. ಪೆಟ್ಟು ಬಿದ್ದ ಕಾಯಿ ಅದ್ದಿದ್ರೂ ಉಳಿಯೂದಿಲ್ಲ. ತೊಟ್ಟು ಇಟ್ಟು ಕೊಯ್ಯಿ, ನೆಲಕ್ಕೆ ಬೀಳಿಸ್ಬೇಡಿ, ಅವತ್ತೇ ಅದ್ದಿ” ಎಂದರು. ಈ ಸಲ ಯಾರೂ ಎದಕ್ಕೆ ಕರೆದದ್ದು ಎಂದು ಕೇಳಲಿಲ್ಲ. ಅಣ್ಣ ತಂಗಿಯನ್ನು ಹೊಗಳಲಿಲ್ಲ. ಹೆಂಡತಿಯ ಕಡೆ ತಿರುಗಿ, “ಅವಳಿಗೆ ಹೇಳು, ದೊಡ್ಡ ಹಂಡೆ ತಕಂಡು ಬಂದಿದ್ದೆ” ಎಂದ.

ಆಮೇಲೆ ಪ್ರತಿ ವರ್ಷ ಮಾವಿನ ಕಾಲದಲ್ಲಿ ಆ ಅಂಗಳದಲ್ಲಿ ಹಂಡೆ ಏರುತ್ತಿತ್ತು. ಅಕ್ಕಪಕ್ಕದವರು ಕಾಯಿ ಹೊತ್ತು ತಂದು ಅದ್ದಿಸಿಕೊಂಡು ಹೋಗುತ್ತಿದ್ದರು. ಅಣ್ಣ ಎಲೆ ಹೆಚ್ಚು ಹಾಕುತ್ತಿದ್ದ. ಇವರು ಬಂದು ನೀರು ಹೊಯ್ದು ಬೈಯುತ್ತಿದ್ದರು. ನಿವೃತ್ತರಾದ ಮೇಲೆ ಈ ಬೈಗುಳಕ್ಕೆ ಅವರಿಗೆ ಇನ್ನಷ್ಟು ಪುರುಸೊತ್ತು ಸಿಕ್ಕಿತು. ಕಾಯಿಲೆ ಬಂದದ್ದು ಕಳೆದ ಮಳೆಗಾಲದಲ್ಲಿ. ಹೆಚ್ಚು ಎಳೆಯಲಿಲ್ಲ. ಆಸ್ಪತ್ರೆಯಲ್ಲಿ ಮಾತಾಡಿಸಲು ಹೋದರೆ ನಮಗಿಂತ ಜೋರಾಗಿ ಅವರೇ ಮಾತಾಡುತ್ತಿದ್ದರು.

ಈ ಮೇ ತಿಂಗಳಲ್ಲಿ ಅಣ್ಣನ ಫೋನ್ ಬಂತು. ನನಗೆ ಅವನು ಫೋನ್ ಮಾಡಿದ್ದು ಅದೇ ಮೊದಲು.

“ಮಾಸ್ತರ್ರೆ, ಒಂದ್ ಸಲ ಬರೂಕೆ ಆಗ್ತದಾ? ಒಂದ್ ಕೆಲಸ ಇತ್ತು.”

ಕಾರವಾರದ ಹತ್ತಿರದ ಕಿನ್ನರ ಊರಿನ ನಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಶೆಟಗೇರಿ ಮುಟ್ಟಿದೆ. ಅಂಗಳದಲ್ಲಿ ಒಲೆ ಹೊಗೆಯಾಡುತ್ತಿತ್ತು. ಅತ್ತಿಗೆ ನೀರು ಬೆಲ್ಲ ತಂದಿಟ್ಟರು. ಅಣ್ಣ ಒಳಗಿನಿಂದ ಒಂದು ಹಣ್ಣು ತಂದು, ಹೋಳು ಮಾಡಿ, ತಟ್ಟೆಯಲ್ಲಿಟ್ಟು ನನ್ನೆದುರು ಕೂತ.

“ಈ ವರ್ಷ ನಂದೇ ಒಂದ್ ತಲೆ ಓಡ್ಸಿ, ದಾಲ್ಚಿನ್ನಿ ಜೊತೆ ಸ್ವಲ್ಪ ಲಕ್ಕಿ ಸೊಪ್ಪು ಕೂಡ್ಸಿದ್ದೆ. ತಿಂದು ನೋಡಿ.”

“ನೀವೇ ತಿಂದು ನೋಡಲಿಲ್ವಾ?”

“ನೋಡಿದ್ದೆ. ಚಲೋ ಅದೆ ಅನ್ನಿಸ್ತದೆ. ಇವಳೂ ಚಲೋ ಅದೆ ಅಂತಾಳೆ. ಕೊಟ್ಟವರೆಲ್ಲ ಚಲೋ ಅದೆ ಅಂತಾರೆ.” ಅವನು ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ದೂಡಿದ. “ನಾ ಮಾಡಿದ್ದು ತಪ್ಪು ಅಂತ ಹೇಳೂಕೆ ಈಗ ಯಾರೂ ಇಲ್ಲ ಮಾಸ್ತರ್ರೆ.”

ನಾನು ಒಂದು ಹೋಳು ತಿಂದೆ. ಇಶಾಡದ ಸಿಹಿ ಬಾಯಿ ತುಂಬಿತು. ನುಂಗಿದ ಮೇಲೆ ಗಂಟಲಲ್ಲಿ ಲಕ್ಕಿ ಸೊಪ್ಪಿನ ಒಗರು ಸಣ್ಣಗೆ ಉಳಿಯಿತು. ಇನ್ನೊಂದು ಹೋಳು ತಿಂದೆ. ಹೌದು, ಇತ್ತು.

“ತಪ್ಪಾಗಿದೆ” ಎಂದೆ. “ಸೊಪ್ಪಿನ ವಾಸನೆ ಬರ್ತದೆ.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಪಂಜಿಯನ್ನು ಸೊಂಟಕ್ಕೆ ಬಿಗಿದು ಎದ್ದು, ಅಡಿಗೆಮನೆಯ ಕಡೆಗೆ ಕೂಗಿದ.

“ಏ, ಕೇಳಿಸ್ತಾ? ತಪ್ಪಾಗ್ಯದಂತೆ! ಹಂಡೆ ಖಾಲಿ ಮಾಡು!”